*ಊರಿನಿಂದ ಅಪ್ಪ ಅಮ್ಮ ದೆಹಲಿಗೆ ಬರುವುದಾದರೆ ಯಾವ ತಿಂಗಳು ಒಳ್ಳೆಯದು?*

ದೆಹಲಿ, ನೊಯ್ಡಾ, ಗುರುಗ್ರಾಮ, ಫರಿದಾಬಾದ್ ಕಡೆ ಇರುವ ನಮ್ಮ ಕನ್ನಡ ಕುಟುಂಬಗಳಿಗಾಗಿ ಈ ವಾರದ ಆರೋಗ್ಯ ಮಾಹಿತಿ.

ಹಿರಿಯರನ್ನು ಕರೆಸಿಕೊಳ್ಳೋಣ ಅಂದಾಗ ಎಷ್ಟೋ ಮನೆಗಳಲ್ಲಿ ದೀಪಾವಳಿಗೇ ಟಿಕೆಟ್ ಮಾಡಿಸುತ್ತಾರೆ. ಹಬ್ಬವೂ ಆಯಿತು, ರಾಜ್ಯೋತ್ಸವದ ಕಾರ್ಯಕ್ರಮವೂ ಆಯಿತು ಎಂಬ ಲೆಕ್ಕ. ಆದರೆ ಅಸ್ತಮಾ, ಹೃದಯದ ತೊಂದರೆ ಇರುವವರಿಗೆ ಇಲ್ಲಿ ಅದೇ ಕೆಟ್ಟ ಕಾಲ. ಗಾಳಿ ಬೀಸುವುದು ನಿಲ್ಲುತ್ತದೆ, ತಣ್ಣನೆಯ ಗಾಳಿ ನೆಲಕ್ಕೆ ಅಂಟಿ ಕೂರುತ್ತದೆ. ವಾಹನದ ಹೊಗೆ, ಪಟಾಕಿ, ಪಂಜಾಬ್-ಹರಿಯಾಣದ ಭತ್ತದ ಕೂಳೆ ಸುಟ್ಟ ಹೊಗೆ ಎಲ್ಲ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಮೊಬೈಲಿನಲ್ಲಿ ಎಕ್ಯೂಐ ನೋಡಿ: 300 ದಾಟಿದರೆ 'ತುಂಬಾ ಕಳಪೆ', 400 ದಾಟಿದರೆ 'ತೀವ್ರ'. ಅಂಥ ದಿನ ಬೆಳಗಿನ ವಾಕಿಂಗ್ ಬೇಡವೇ ಬೇಡ. ಬಟ್ಟೆಯ ಮಾಸ್ಕ್ ಸಾಲದು, ಎನ್95 ಬೇಕು.

ಜನವರಿಯಲ್ಲಿ ಚಳಿ 4-5 ಡಿಗ್ರಿಗೂ ಇಳಿಯುತ್ತದೆ. ಚಳಿಗೆ ಬಿಪಿ ಏರುತ್ತದೆ, ಆದ್ದರಿಂದ ಮಾತ್ರೆಯ ಪ್ರಮಾಣದ ಬಗ್ಗೆ ಹೊರಡುವ ಮುಂಚೆ ಅವರ ಡಾಕ್ಟರನ್ನೇ ಕೇಳಲಿ. ಮಂಜಿಗೆ ರೈಲು, ವಿಮಾನ ಗಂಟೆಗಟ್ಟಲೆ ತಡವಾಗುವುದುಂಟು, ಹಾಗಾಗಿ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಂಗೀಠಿ ಇಟ್ಟು ಮಲಗಿದರೆ ವಿಷಾನಿಲದಿಂದ ಪ್ರಾಣವೇ ಹೋಗಬಹುದು. ತಿನ್ನುವುದಕ್ಕೆ ಮಾತ್ರ ಇದು ಸುಗ್ಗಿಯ ಕಾಲ. ಲೋಹ್ರಿಯ ಗಜಕ್, ರೇವಡಿ ಅಂದರೆ ನಮ್ಮ ಎಳ್ಳು-ಬೆಲ್ಲದ ನೆಂಟರೇ. ಸಕ್ಕರೆ ಕಾಯಿಲೆಯವರು ಒಂದು ಚೂರಿಗೆ ನಿಲ್ಲಿಸಲಿ. ಕಪ್ಪು ಗಜ್ಜರಿಯ ಹುಳಿ ಕಾಂಜಿ ರುಚಿಯಾಗಿರುತ್ತದೆ, ಆದರೆ ಉಪ್ಪು ಜಾಸ್ತಿ.

*ನಮ್ಮನ್ನು ಕೇಳಿದರೆ, ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಕೊನೆಯವರೆಗೆ ಕರೆಸಿ.* ಹಿತವಾದ ಬಿಸಿಲು, ನಡೆಯಲು ಉತ್ಸಾಹ. ರಾಷ್ಟ್ರಪತಿ ಭವನದ ಅಮೃತ ಉದ್ಯಾನ (2023ರವರೆಗೆ ಮೊಘಲ್ ಗಾರ್ಡನ್) ಈ ದಿನಗಳಲ್ಲಿ ತೆರೆದಿರುತ್ತದೆ. ಪ್ರವೇಶ ಉಚಿತ, ಸೋಮವಾರ ರಜೆ, ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ. ಒಳಗೆ ನಡೆಯುವುದು ಸಾಕಷ್ಟಿದೆ, ಮಂಡಿನೋವಿನವರಿಗೆ ಕೋಲು ಇರಲಿ. ಫರಿದಾಬಾದಿನ ಸೂರಜ್‌ಕುಂಡ್ ಮೇಳ ಫೆಬ್ರವರಿಯಲ್ಲಿ. ಶನಿವಾರ, ಭಾನುವಾರದ ನೂಕುನುಗ್ಗಲು ತಪ್ಪಿಸಿ. ಮಾರ್ಚ್‌ನಲ್ಲಿ ರಸ್ತೆಬದಿಯ ಬೂರುಗದ ಮರಗಳು ಎಲೆಯಿಲ್ಲದೆ ಕೆಂಪಗೆ ಹೂ ಬಿಟ್ಟು ನಿಂತಿರುತ್ತವೆ. ಲೋಧಿ ಗಾರ್ಡನ್, ಸುಂದರ್ ನರ್ಸರಿಯಲ್ಲಿ ಬೆಂಚು, ನೆರಳು ಎರಡೂ ಇವೆ. ಒಂದೇ ತೊಡಕು, ಇದು ಹೂವಿನ ಪರಾಗದ ಕಾಲವೂ ಹೌದು, ಅಲರ್ಜಿಯವರ ಇನ್‌ಹೇಲರ್ ಜೇಬಿನಲ್ಲಿರಲಿ.

ನಮ್ಮ ಯುಗಾದಿಯ ಹೊತ್ತಿಗೇ ಇಲ್ಲಿ ಚೈತ್ರ ನವರಾತ್ರಿ ಶುರು. ಪಕ್ಕದ ಮನೆಯವರು ಕುಟ್ಟು ಹಿಟ್ಟಿನ ಪೂರಿ ಕೊಟ್ಟರೆ ಖುಷಿಯಿಂದ ತಿನ್ನಿ. ಮನೆಯಲ್ಲಿ ಮಾಡುವುದಾದರೆ ಮಾತ್ರ ಬಿಡಿ ಹಿಟ್ಟು ಬೇಡ. ಹಳೆಯ, ಕಲಬೆರಕೆ ಕುಟ್ಟು ಹಿಟ್ಟಿನಿಂದ ವಾಂತಿ-ಭೇದಿಯಾಗಿ ಜನ ಆಸ್ಪತ್ರೆ ಸೇರಿದ ಸುದ್ದಿ ದೆಹಲಿಗೆ ಹೊಸದಲ್ಲ. ತಾರೀಕು ನೋಡಿ ಪ್ಯಾಕೆಟ್ ತನ್ನಿ.

ಮೇ-ಜೂನ್‌ನಲ್ಲಿ ಮೊಮ್ಮಕ್ಕಳಿಗೆ ರಜೆ ಅಂತ ಬರುವವರೂ ಇದ್ದಾರೆ. ಬಿಸಿಲು 45 ಡಿಗ್ರಿ ಮುಟ್ಟುತ್ತದೆ, 'ಲೂ' ಎಂಬ ಒಣ ಬಿಸಿಗಾಳಿ ಬೆವರು ಕಾಣುವ ಮೊದಲೇ ಆರಿಸಿಬಿಡುತ್ತದೆ. ಹಾಗಾಗಿ ಬಾಯಾರದಿದ್ದರೂ ನೀರು ಕುಡಿಸಿ (ಕಿಡ್ನಿ, ಹೃದಯದ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಅದರಂತೆ). ಹಳದಿ ಕಕ್ಕೆ ಹೂ ನೋಡಲು ಬೆಳಿಗ್ಗೆ 7ರೊಳಗೆ ಹೋಗಿ ಬನ್ನಿ. ಆಮ್ ಪನ್ನಾ, ಫಾಲ್ಸಾ ಶರಬತ್ತು ಮನೆಯಲ್ಲೇ ಮಾಡಿ. ಬೇಲ್ ಶರಬತ್ತು ಅಂದರೆ ಬಿಲ್ವದ ಹಣ್ಣಿನದು, ನಮ್ಮ ರಾಮನವಮಿಯ ಬೇಲದ ಪಾನಕ ಅಲ್ಲ.

ಜುಲೈ ಹೊತ್ತಿಗೆ ರಸ್ತೆಬದಿಯ ನೇರಳೆ ಮರಗಳಲ್ಲಿ ಹಣ್ಣು. ನೇರಳೆ ತಿಂದರೆ ಶುಗರ್ ವಾಸಿ ಎಂಬ ಸಂದೇಶ ನಮ್ಮ ಗುಂಪುಗಳಲ್ಲೂ ಸುತ್ತುತ್ತಿರುತ್ತದೆ. ಹಣ್ಣು ತಿನ್ನಲಿ, ಮಾತ್ರೆ ನಿಲ್ಲಿಸುವುದು ಬೇಡ. ತೀಜ್ ಹಬ್ಬಕ್ಕೆ ಘೇವರ್ ಬರುತ್ತದೆ, ತುಪ್ಪ-ಸಕ್ಕರೆಯ ಜೇನುಗೂಡು ಅದು. ಮಳೆ ನಿಂತ ಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಡೆಂಗ್ಯೂ ಭಯ. ಕೂಲರಿನ ನೀರು ವಾರಕ್ಕೊಮ್ಮೆ ಚೆಲ್ಲಿ ಒರೆಸಿ. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ ಕೊಡಿ, ರಕ್ತ ಪರೀಕ್ಷೆ ಮಾಡಿಸಿ. ನೋವಿಗೆಂದು ಐಬುಪ್ರೊಫೆನ್ ಬೇಡ. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರಾದರೆ ಅದೇ ದಿನ ಡಾಕ್ಟರಿಗೆ ತಿಳಿಸಿ.