ಸದುದ್ದೇಶವೊಂದೇ ಸಾಕೆ? – ಪುನರ್ವಸತಿ ಆಪ್ತಸಲಹೆಗಾರರೂ ವೃತ್ತಿ ವಿಮೆಯೂ

ನಮ್ಮ ಕರಾವಳಿಯ ತೋಟಗಳಲ್ಲಿ ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರನ್ನು ನಾವೆಲ್ಲರೂ ಕಂಡಿದ್ದೇವೆ. ಆಸ್ಪತ್ರೆ ಅವರ ಜೀವವನ್ನು ಉಳಿಸಿಕೊಡುತ್ತದೆ. ಆದರೆ ಉಳಿದ ಜೀವವನ್ನು ಬದುಕನ್ನಾಗಿ ರೂಪಿಸಿಕೊಳ್ಳುವ ಕಾರ್ಯ ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವಷ್ಟೇ ಆರಂಭವಾಗುತ್ತದೆ. ನಡೆಯಲಾರದವನು ಇನ್ನು ಯಾವ ಉದ್ಯೋಗ ಮಾಡಬಲ್ಲ? ಮನೆಯ ಮೆಟ್ಟಿಲನ್ನು ಹೇಗೆ ಬದಲಿಸಬೇಕು? ಪ್ರಮಾಣಪತ್ರ, ತರಬೇತಿ, ಸಾಲ ಎಲ್ಲಿ ದೊರೆಯುತ್ತವೆ? ಎಲ್ಲಕ್ಕಿಂತ ಮಿಗಿಲಾಗಿ, ಕುಸಿದ ಮನಸ್ಸನ್ನು ಎತ್ತಿ ನಿಲ್ಲಿಸುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಜೊತೆಗೂಡುವವರೇ ಪುನರ್ವಸತಿ ಆಪ್ತಸಲಹೆಗಾರರು.

ಈ ವೃತ್ತಿಗೆ ನಮ್ಮ ದೇಶದಲ್ಲಿ ಕಾನೂನಿನ ಚೌಕಟ್ಟಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯಿದೆ 1993ರಲ್ಲಿ ಜಾರಿಗೆ ಬಂದಿತು. ವಿಶೇಷ ಶಿಕ್ಷಕರು, ಶ್ರವಣ ತಜ್ಞರು, ಕೃತಕಾಂಗ ತಜ್ಞರು ಮುಂತಾದವರ ಸಾಲಿನಲ್ಲಿ ಪುನರ್ವಸತಿ ಆಪ್ತಸಲಹೆಗಾರರೂ ಇದರ ವ್ಯಾಪ್ತಿಗೆ ಸೇರುತ್ತಾರೆ. ಪರಿಷತ್ತಿನ ದಾಖಲೆಯಲ್ಲಿ ಹೆಸರು ನೋಂದಾಯಿಸದೆ ವೃತ್ತಿ ನಡೆಸುವವರಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ 1000 ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಸಂಸ್ಥೆಯೊಂದರ ಆಶ್ರಯದಲ್ಲಿ ದುಡಿಯುವ ಆಪ್ತಸಲಹೆಗಾರರ ಬೆನ್ನಿಗೆ ಆ ಸಂಸ್ಥೆ ನಿಂತಿರುತ್ತದೆ. ಬಾಡಿಗೆಯ ಕೊಠಡಿಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಸ್ವತಂತ್ರವಾಗಿ ವೃತ್ತಿ ಆರಂಭಿಸಿದವರ ಸ್ಥಿತಿ ಬೇರೆ. ಅಲ್ಲಿ ಮಾಲೀಕರೂ ಅವರೇ, ನೌಕರರೂ ಅವರೇ. ಆದ ತಪ್ಪಿಗೆ ಉತ್ತರ ಕೊಡಬೇಕಾದವರೂ ಅವರೇ. ಇಂಥವರಲ್ಲಿ ವಿಮೆಯ ಮಾತೆತ್ತಿದರೆ, ‘ಸೇವೆ ಮಾಡುವವರಿಗೆ ವಿಮೆ ಏತಕ್ಕೆ? ನಾವು ಯಾರಿಗೂ ಕೇಡು ಬಗೆದವರಲ್ಲ’ ಎಂಬ ಉತ್ತರ ಬರುವುದುಂಟು. ಮಾತು ಪ್ರಾಮಾಣಿಕವಾದುದೇ. ಆದರೆ ಅದು ಪೂರ್ಣ ಸತ್ಯವೇ ಎಂಬುದು ವಿಚಾರಾರ್ಹ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಅಪಘಾತದಲ್ಲಿ ಕೈಯ ಬಲ ಕುಂದಿದ ಯುವಕನೊಬ್ಬ ಮರಗೆಲಸದ ಯಂತ್ರದಲ್ಲಿ ದುಡಿಯಲು ಶಕ್ತನೆಂದು ಆಪ್ತಸಲಹೆಗಾರ್ತಿಯೊಬ್ಬರು ಪತ್ರ ಬರೆದುಕೊಡುತ್ತಾರೆ. ಅವನಿಗೆ ಕೆಲಸ ದೊರೆಯುತ್ತದೆ, ಮನೆಯಲ್ಲಿ ಸಂತಸ. ಆರು ತಿಂಗಳ ಬಳಿಕ ಅದೇ ಯಂತ್ರಕ್ಕೆ ಅವನ ಎರಡು ಬೆರಳು ಬಲಿಯಾಗುತ್ತವೆ. ಪತ್ರ ಬರೆಯುವ ಮುನ್ನ ವೈದ್ಯರ ಇತ್ತೀಚಿನ ವರದಿಯನ್ನು ನೋಡಬೇಕಿತ್ತು, ಅವರು ನೋಡಿರಲಿಲ್ಲ. ಅವರ ಉದ್ದೇಶ ನಿರ್ಮಲವಾಗಿತ್ತು, ನಿಜ. ಆದರೆ ಹೋದ ಬೆರಳು ಉದ್ದೇಶದ ನಿರ್ಮಲತೆಯಿಂದ ಮರಳಿ ಬಾರದು. ಆ ಕುಟುಂಬಕ್ಕೆ ಈಗ ಬೇಕಾದುದು ಚಿಕಿತ್ಸೆಗೆ ಹಣ, ಮತ್ತೆ ಬದುಕು ಕಟ್ಟಲು ಹಣ. ತಿಂಗಳ ಬಾಡಿಗೆಗೇ ತಡಕಾಡುವ ಆಪ್ತಸಲಹೆಗಾರ್ತಿ ಅದನ್ನು ಎಲ್ಲಿಂದ ತಂದಾರು?

ಇಲ್ಲಿಯೇ ಪ್ರಶ್ನೆಯ ತಿರುಳಿದೆ. ಹೊಣೆ ಎಂಬುದು ಎರಡು ಅಂಶಗಳಿಂದ ಕೂಡಿದ್ದು: ತಪ್ಪನ್ನು ತನ್ನದೆಂದು ಒಪ್ಪುವ ಮನಸ್ಸು, ಅದನ್ನು ಸರಿಪಡಿಸುವ ಶಕ್ತಿ. ಮನಸ್ಸಿದ್ದು ಶಕ್ತಿಯಿಲ್ಲದಿದ್ದರೆ ಹೊಣೆ ಕೇವಲ ಮಾತಾಗಿ ಉಳಿಯುತ್ತದೆ. ಸಾಮಾನ್ಯ ವರಮಾನದ ಒಬ್ಬ ವ್ಯಕ್ತಿಗೆ ಆ ಶಕ್ತಿಯನ್ನು ಒದಗಿಸುವ ಸಾಧನವೇ ವಿಮೆ. ಆದುದರಿಂದ ಅದು ಸಲಹೆಗಾರನ ಆಸ್ತಿಯನ್ನು ಕಾಯುವ ಬೇಲಿ ಮಾತ್ರವಲ್ಲ. ಅವನನ್ನು ನಂಬಿ ಬಂದವನಿಗೆ ಮುಂಚಿತವಾಗಿ ಕೊಟ್ಟ ಮಾತು.

ಹಾಗಾದರೆ ಯಾವ ವಿಮೆ? ಮೊದಲನೆಯದು ವೃತ್ತಿಪರ ಹೊಣೆಗಾರಿಕೆಯ ವಿಮೆ. ವೃತ್ತಿಯಲ್ಲಿನ ಅಲಕ್ಷ್ಯ, ತಪ್ಪು, ಮರೆವುಗಳಿಂದ ಇನ್ನೊಬ್ಬರಿಗೆ ನಷ್ಟವಾದಾಗ ಕೊಡಬೇಕಾದ ಪರಿಹಾರವನ್ನೂ ನ್ಯಾಯಾಲಯದ ವೆಚ್ಚವನ್ನೂ ಇದು ಭರಿಸುತ್ತದೆ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಎಂಬ ನಾಲ್ಕು ಸಾರ್ವಜನಿಕ ಕಂಪೆನಿಗಳೂ ಹಲವು ಖಾಸಗಿ ಕಂಪೆನಿಗಳೂ ಇಂಥ ಪಾಲಿಸಿ ನೀಡುತ್ತವೆ. ಆದರೆ ಇವು ಬಹುಮಟ್ಟಿಗೆ ವೈದ್ಯರು, ಎಂಜಿನಿಯರರು, ವಕೀಲರು, ಲೆಕ್ಕಪರಿಶೋಧಕರನ್ನು ಮನಸ್ಸಿನಲ್ಲಿಟ್ಟು ರಚಿಸಿದವು. ಪುನರ್ವಸತಿ ಆಪ್ತಸಲಹೆಗಾರರು ತಮ್ಮ ಕಾರ್ಯದ ಸ್ವರೂಪವನ್ನು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು. ಏಜೆಂಟರ ಬಾಯಿಮಾತಿನ ಭರವಸೆ ಸಾಲದು.

ಈ ಪಾಲಿಸಿಯಲ್ಲಿ ಮೂರು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು, ಪರಿಹಾರದ ಮಿತಿ. ವರ್ಷಕ್ಕೆ 20 ಲಕ್ಷ ರೂಪಾಯಿಯ ಪಾಲಿಸಿ ಎಂದಾಕ್ಷಣ ಒಂದೇ ಪ್ರಕರಣಕ್ಕೆ 20 ಲಕ್ಷ ದೊರೆಯುತ್ತದೆಂದು ತಿಳಿಯಬಾರದು. ಒಂದು ಪ್ರಕರಣಕ್ಕೂ ಒಂದು ವರ್ಷಕ್ಕೂ ಇರುವ ಅನುಪಾತ 1:4 ಎಂದಿದ್ದರೆ, ಒಂದು ಪ್ರಕರಣಕ್ಕೆ ದೊರೆಯುವುದು 5 ಲಕ್ಷ ಮಾತ್ರ. ಎರಡು, ಕಾಲ. ತಪ್ಪು ನಡೆದ ದಿನ ಪಾಲಿಸಿ ಇದ್ದರೆ ಸಾಲದು. ಪರಿಹಾರದ ಬೇಡಿಕೆ ಬಂದ ದಿನವೂ ಅದು ಚಾಲ್ತಿಯಲ್ಲಿರಬೇಕು. ಆಪ್ತಸಲಹೆಯ ತಪ್ಪು ಕೂಡಲೇ ಕಾಣಿಸಿಕೊಳ್ಳುವಂಥದ್ದಲ್ಲ. ವರ್ಷ ಕಳೆದು ಫಲ ತೋರಬಹುದು. ಎಡೆಬಿಡದೆ ನವೀಕರಿಸುತ್ತ ಬಂದವರಿಗೆ ಮೊದಲ ಪಾಲಿಸಿಯ ದಿನದಿಂದ ನಡೆದ ಘಟನೆಗಳಿಗೂ ರಕ್ಷಣೆ ದೊರೆಯುತ್ತದೆ. ಒಮ್ಮೆ ನವೀಕರಣ ತಪ್ಪಿತೆಂದರೆ ಹಿಂದಿನ ವರ್ಷಗಳ ರಕ್ಷಣೆಯೂ ಕೈಬಿಟ್ಟೀತು. ಮೂರು, ಹೊರತುಗಳು. ಉದ್ದೇಶಪೂರ್ವಕ ಕೃತ್ಯ, ಅಪರಾಧ, ಅಮಲಿನಲ್ಲಿ ನೀಡಿದ ಸೇವೆ, ಸರಕಾರ ವಿಧಿಸಿದ ದಂಡ ಇವಾವುದಕ್ಕೂ ವಿಮೆ ಇಲ್ಲ. ಅರ್ಥಾತ್, ವಿಮೆ ಅಜಾಗರೂಕತೆಗೆ ಆಸರೆಯಾದೀತೇ ಹೊರತು ಅನೀತಿಗಲ್ಲ.

ಎರಡನೆಯದು ಕೊಠಡಿಗೆ ಸಂಬಂಧಿಸಿದ್ದು. ಊರುಗೋಲು ಹಿಡಿದು ಬಂದವರು ಮಳೆಗಾಲದಲ್ಲಿ ಒದ್ದೆಯಾದ ಜಗಲಿಯಲ್ಲಿ ಜಾರಿ ಬಿದ್ದರೆ ಅದು ಸಲಹೆಯ ತಪ್ಪಲ್ಲ, ಸ್ಥಳದ ತಪ್ಪು. ಇದಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಪ್ರತ್ಯೇಕವಾಗಿ ಬೇಕು. ಬೆಂಕಿ, ನೆರೆ, ಬಿರುಗಾಳಿಯಿಂದ ಪೀಠೋಪಕರಣ, ಕಂಪ್ಯೂಟರ್ ಹಾಳಾದರೆ, 2021ರ ಏಪ್ರಿಲ್ 1ರಿಂದ ಬಂದಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಸಣ್ಣ ಉದ್ಯಮಗಳಿಗೆ ಅನುಕೂಲವಾಗಿದೆ. ಸಹಾಯಕರನ್ನು ನೇಮಿಸಿಕೊಂಡವರು ಕೆಲಸದ ವೇಳೆ ಅವರಿಗಾಗುವ ಗಾಯದ ಹೊಣೆಯನ್ನೂ ನೆನೆಯಬೇಕು. ಸ್ವಂತ ದುಡಿಮೆಯನ್ನೇ ನೆಚ್ಚಿದವರು ತಮ್ಮ ಕೈಕಾಲಿಗೆ ಅಪಾಯವಾದರೆ ಸಂಸಾರದ ಗತಿಯೇನೆಂದು ಯೋಚಿಸಿ ವೈಯಕ್ತಿಕ ಅಪಘಾತ ವಿಮೆಯನ್ನು ಮಾಡಿಸುವುದು ಲೇಸು. ಅಂಗವಿಹೀನರ ಕಷ್ಟವನ್ನು ದಿನವೂ ಕಾಣುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ನಾನು ಬಡವರಿಂದ ಶುಲ್ಕ ಪಡೆಯುವುದಿಲ್ಲ, ನನಗೆ ಕಾನೂನಿನ ಭಯವೇನು?’ ಎಂದು ಕೇಳುವವರಿದ್ದಾರೆ. ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರ ನವೆಂಬರ್‌ನಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿ ನೀಡುವ ಸೇವೆಯನ್ನು ಅದು ಹೊರಗಿಟ್ಟಿತು. ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಸೇವೆ ನೀಡುವಲ್ಲಿ, ಉಚಿತ ಸೇವೆ ಪಡೆದವರೂ ದೂರು ನೀಡಬಹುದೆಂದು ಹೇಳಿತು. ಬಡವನಿಗೆ ಸಿಕ್ಕಿದ್ದು ದಾನವೆಂಬ ಕಾರಣಕ್ಕೆ ಅದರ ಗುಣಮಟ್ಟ ಕಡಿಮೆಯಾಗಕೂಡದು ಎಂಬ ನೀತಿ ಇದರಲ್ಲಿ ಅಡಗಿದೆ. ವಕೀಲರ ಸೇವೆಯನ್ನು 2024ರ ಮೇ ತಿಂಗಳ ತೀರ್ಪು ಈ ಕಾಯಿದೆಯಿಂದ ಹೊರಗಿಟ್ಟಿತಾದರೂ, ಶುಲ್ಕ ಪಡೆದು ಆಪ್ತಸಲಹೆ ನೀಡುವವರು ತಮಗೂ ಅದೇ ವಿನಾಯಿತಿ ಇದೆಯೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಈಗ ಚಾಲ್ತಿಯಲ್ಲಿರುವ 2019ರ ಕಾಯಿದೆಯ ಪ್ರಕಾರ ದೂರು ನೀಡಲು ಎರಡು ವರ್ಷಗಳ ಅವಕಾಶವಿದೆ. ಆದುದರಿಂದ ಪ್ರತಿ ಭೇಟಿಯ ಟಿಪ್ಪಣಿಯನ್ನೂ ಕೊಟ್ಟ ಪತ್ರಗಳ ಪ್ರತಿಯನ್ನೂ ಜೋಪಾನವಾಗಿಡುವುದು ಅಗತ್ಯ.

ಇನ್ನೊಂದು ಸೂಕ್ಷ್ಮವಿದೆ. ಕಂಪೆನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಪರಿಹಾರದ ಮಾತು ಕೊಡಬಾರದು ಎಂಬ ಷರತ್ತು ಇಂಥ ಪಾಲಿಸಿಗಳಲ್ಲಿರುತ್ತದೆ. ಅಂತಃಕರಣವುಳ್ಳವರಿಗೆ ಇದು ಮುಜುಗರ ತರುವ ಮಾತು. ನೊಂದವನ ಮುಂದೆ ಮೌನವಾಗಿರುವುದೇ? ಹಾಗಲ್ಲ. ಅವನ ಹಾಸಿಗೆಯ ಬಳಿ ಹೋಗಿ ಕುಳಿತುಕೊಳ್ಳುವುದಕ್ಕೆ, ಅವನ ನೋವಿಗೆ ಮರುಗುವುದಕ್ಕೆ, ನಡೆದುದನ್ನು ಮರೆಮಾಚದಿರುವುದಕ್ಕೆ ಈ ಷರತ್ತು ಅಡ್ಡಿಯಾಗದು. ಕಾನೂನಿನ ಹೊಣೆ ಎಷ್ಟು, ಹಣವೆಷ್ಟು ಎಂಬ ನಿರ್ಣಯವನ್ನು ಮಾತ್ರ ವಿಧಿವತ್ತಾಗಿ ನಡೆಯಲು ಬಿಡಬೇಕು. ತಪ್ಪಾಯಿತೆಂಬ ಸುಳಿವು ದೊರೆತ ಕೂಡಲೇ ಕಂಪೆನಿಗೆ ಬರೆದು ತಿಳಿಸಬೇಕು. ಹೆದರಿ ಮುಚ್ಚಿಟ್ಟರೆ ಸಲಹೆಗಾರನ ಜೊತೆಗೆ ನೊಂದವನಿಗೂ ನಷ್ಟ. ಕಂಪೆನಿಯೇ ಅನ್ಯಾಯ ಮಾಡಿದರೆ, ಮೊದಲು ಅದಕ್ಕೆ ಲಿಖಿತ ದೂರು ಕೊಟ್ಟು, ಬಳಿಕ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಮೊರೆಹೋಗಬಹುದು. ಏಕವ್ಯಕ್ತಿ ಮಾಲಿಕತ್ವದ ವೃತ್ತಿಯವರಿಗೂ ಅಲ್ಲಿ ಶುಲ್ಕವಿಲ್ಲದೆ ಪ್ರವೇಶವಿದೆ.

ವಿಮೆಯ ಒಪ್ಪಂದ ನಿಂತಿರುವುದು ಪರಮ ವಿಶ್ವಾಸವೆಂಬ ತತ್ತ್ವದ ಮೇಲೆ. ಅರ್ಜಿಯಲ್ಲಿ ಹಿಂದಿನ ದೂರು, ಅರ್ಹತೆ, ನೋಂದಣಿ ಯಾವುದನ್ನೂ ಮುಚ್ಚಿಡಬಾರದು. ಮುಚ್ಚಿಟ್ಟರೆ ಒಪ್ಪಂದವೇ ಕುಸಿದೀತು. ಯೋಚಿಸಿದರೆ ಆಪ್ತಸಲಹೆಯ ತಳಹದಿಯೂ ಇದೇ ಅಲ್ಲವೇ? ‘ನನ್ನಿಂದ ಏನನ್ನೂ ಮರೆಮಾಡಬೇಡ’ ಎಂದು ಎದುರಿಗಿರುವವನನ್ನು ಕೇಳುವ ಸಲಹೆಗಾರ ತಾನೂ ಒಮ್ಮೆ ಆ ಸತ್ಯಕ್ಕೆ ಒಳಗಾಗಬೇಕಾಗುತ್ತದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಸ್ವತಂತ್ರವಾಗಿ ವೃತ್ತಿ ಆರಂಭಿಸಲಿರುವ ನಮ್ಮ ಯುವಕ ಯುವತಿಯರು ನಾಮಫಲಕ ಬರೆಯಿಸುವ ಮುನ್ನವೇ ನೋಂದಣಿಯನ್ನೂ ವಿಮೆಯನ್ನೂ ವಿಚಾರಿಸಲಿ. ಅವರನ್ನು ಓದಿಸಿದ ತಂದೆತಾಯಂದಿರೂ ಈ ಬಗ್ಗೆ ಕೇಳಲಿ. ಬಿದ್ದವನನ್ನು ಎತ್ತಲು ಚಾಚಿದ ಕೈ ಒಮ್ಮೆ ತಪ್ಪಿದರೂ ಅವನು ಮತ್ತೆ ನೆಲಕ್ಕೆ ಬೀಳದಂತೆ ಏರ್ಪಾಡು ಮಾಡಿರುವುದು ಸೇವೆಯ ಹೊರಗಿನ ವ್ಯವಹಾರವಲ್ಲ; ಅದು ಸೇವೆಯ ಮೊದಲ ಭಾಗ.