ಇನ್ಫರ್ಮೇಷನ್ ಸೈನ್ಸ್ ಪದವಿ: ನಾಲ್ಕು ವರ್ಷದಲ್ಲಿ ಓದಬೇಕಾದ್ದೇನು?

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇನ್ಫರ್ಮೇಷನ್ ಸೈನ್ಸ್ ಅಂಡ್ ಇಂಜಿನಿಯರಿಂಗ್ ನಾಲ್ಕು ವರ್ಷದ, ಎಂಟು ಸೆಮಿಸ್ಟರುಗಳ ಬಿ.ಇ. ಪದವಿ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಐಎಸ್’ ಅಥವಾ ‘ಐಎಸ್‌ಇ’. ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿವೆ. ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ, ಅದಕ್ಕೆಷ್ಟು ಅಂಕ ಎಂಬುದನ್ನು ವಿಟಿಯು ‘ಸ್ಕೀಮ್’ ಮೂಲಕ ಗೊತ್ತುಮಾಡುತ್ತದೆ. ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುತ್ತವೆ. ಸ್ಕೀಮ್ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಇಲ್ಲಿನ ವಿವರಗಳು 2022ರ ಸ್ಕೀಮಿಗೆ ಸೇರಿದವು.

ಪ್ರವೇಶಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯ ವಿಷಯ ರಸಾಯನಶಾಸ್ತ್ರವಾಗಬಹುದು, ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಕೂಡ ಆಗಬಹುದು. ಈ ವಿಷಯಗಳಲ್ಲಿ ಒಟ್ಟು ಶೇ. 45 ಅಂಕ ಬೇಕು. ಮೀಸಲಾತಿ ವರ್ಗಗಳವರಿಗೆ ಶೇ. 40 ಸಾಕು. ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಮೂರನೆಯ ಸೆಮಿಸ್ಟರಿಗೆ ಸೇರುತ್ತಾರೆ.

ಪದವಿಯ ಲೆಕ್ಕ ಕ್ರೆಡಿಟ್‌ಗಳಲ್ಲಿ ನಡೆಯುತ್ತದೆ. ಸೆಮಿಸ್ಟರ್ ಉದ್ದಕ್ಕೂ ವಾರಕ್ಕೆ ಒಂದು ಗಂಟೆ ಪಾಠವಾದರೆ ಒಂದು ಕ್ರೆಡಿಟ್; ಲ್ಯಾಬ್ ಆದರೆ ಎರಡು ಗಂಟೆಗೆ ಒಂದು ಕ್ರೆಡಿಟ್. ಮೊದಲ ವರ್ಷ ಸೇರಿದವರು ಒಟ್ಟು 160 ಕ್ರೆಡಿಟ್ ಗಳಿಸಬೇಕು.

ಮೊದಲ ವರ್ಷದಲ್ಲಿ ಬ್ರಾಂಚಿನ ಪಾಠ ಕಡಿಮೆ. ಅರ್ಧದಷ್ಟು ವಿದ್ಯಾರ್ಥಿಗಳು ‘ಫಿಸಿಕ್ಸ್ ಸೈಕಲ್’ನಲ್ಲಿ, ಉಳಿದರ್ಧ ‘ಕೆಮಿಸ್ಟ್ರಿ ಸೈಕಲ್’ನಲ್ಲಿ ಆರಂಭಿಸಿ ಮುಂದಿನ ಸೆಮಿಸ್ಟರಿಗೆ ಅದಲುಬದಲಾಗುತ್ತಾರೆ. ಗಣಿತ ಎರಡೂ ಸೆಮಿಸ್ಟರಿನಲ್ಲಿರುತ್ತದೆ. ಸಿ ಭಾಷೆಯ ಪ್ರೋಗ್ರಾಮಿಂಗ್ ಮತ್ತು ಕಂಪ್ಯೂಟರ್ ಬಳಸಿ ಮಾಡುವ ಇಂಜಿನಿಯರಿಂಗ್ ಡ್ರಾಯಿಂಗ್ ಇದೇ ವರ್ಷದವು. ಇದರ ನಡುವೆಯೇ ಒಂದು ಕ್ರೆಡಿಟ್‌ನ ಕನ್ನಡವೂ ಇದೆ. ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಹೊರರಾಜ್ಯದಿಂದ ಬಂದು ಕನ್ನಡ ತಿಳಿಯದವರಿಗೆ ‘ಬಳಕೆ ಕನ್ನಡ’. ತಾಂತ್ರಿಕ ಪದವಿಯೊಂದರಲ್ಲಿ ನಾಡಿನ ಭಾಷೆಗೆ ಸಿಕ್ಕಿರುವ ಈ ಜಾಗ ಚಿಕ್ಕದಾದರೂ ಬೆಲೆಯುಳ್ಳದ್ದು.

ಈ ಪದವಿಯ ನಿಜವಾದ ತಿರುಳು ಇರುವುದು ಎರಡನೆಯ ವರ್ಷದಲ್ಲಿ. ಮೂರನೆಯ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡಿಜಿಟಲ್ ಡಿಸೈನ್ ಮತ್ತು ಕಂಪ್ಯೂಟರ್ ಆರ್ಗನೈಸೇಷನ್. ನಾಲ್ಕನೆಯದರಲ್ಲಿ ಆಲ್ಗರಿದಮ್‌ಗಳು, ಮೈಕ್ರೋಕಂಟ್ರೋಲರ್ ಮತ್ತು ಡಿಬಿಎಂಎಸ್, ಅಂದರೆ ಡೇಟಾಬೇಸ್ ನಿರ್ವಹಣೆ. ಮಾಹಿತಿಯನ್ನು ಹೇಗೆ ಜೋಡಿಸಿಡಬೇಕು, ಬೇಕಾದಾಗ ಹೇಗೆ ಬೇಗ ಹುಡುಕಿ ತೆಗೆಯಬೇಕು ಎಂಬ ಪ್ರಶ್ನೆಯೇ ಇವುಗಳಲ್ಲಿ ಬೇರೆಬೇರೆ ರೂಪದಲ್ಲಿ ಮತ್ತೆಮತ್ತೆ ಎದುರಾಗುತ್ತದೆ.

ಡೇಟಾಬೇಸ್ ತರಗತಿಯ ಒಂದು ಪಾಠವನ್ನೇ ನೋಡಬಹುದು. ಒಂದು ಕಾಲೇಜಿನ ದಾಖಲೆಯಲ್ಲಿ ವಿದ್ಯಾರ್ಥಿಯ ಹೆಸರು, ಊರು, ಫೋನ್ ನಂಬರ್, ವಿಷಯ, ಅಂಕ ಎಲ್ಲವೂ ಒಂದೇ ಕೋಷ್ಟಕದಲ್ಲಿವೆ ಎಂದುಕೊಳ್ಳೋಣ. ಒಬ್ಬ ವಿದ್ಯಾರ್ಥಿ ಆರು ವಿಷಯ ತೆಗೆದುಕೊಂಡಿದ್ದರೆ ಆತನ ಫೋನ್ ನಂಬರ್ ಆರು ಸಾಲುಗಳಲ್ಲಿರುತ್ತದೆ. ನಂಬರ್ ಬದಲಾದಾಗ ಐದು ಸಾಲು ತಿದ್ದಿ ಒಂದನ್ನು ಬಿಟ್ಟರೆ, ಯಾವುದು ಸರಿ ಎಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇನ್ನೂ ಯಾವ ವಿಷಯಕ್ಕೂ ನೋಂದಾಯಿಸದ ವಿದ್ಯಾರ್ಥಿಯನ್ನು ಆ ಕೋಷ್ಟಕಕ್ಕೆ ಸೇರಿಸುವುದೂ ತೊಡಕೇ. ಆದ್ದರಿಂದ ವಿದ್ಯಾರ್ಥಿಯ ವಿವರ ಒಂದು ಕೋಷ್ಟಕಕ್ಕೆ, ಅಂಕಗಳು ಇನ್ನೊಂದಕ್ಕೆ. ಎರಡನ್ನೂ ಬೆಸೆಯುವುದು ಯುಎಸ್‌ಎನ್ ಎಂಬ ವಿದ್ಯಾರ್ಥಿ ಸಂಖ್ಯೆ. ಹೀಗೆ ಒಡೆದು ಜೋಡಿಸುವ ಕ್ರಮಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಬ್ಯಾಂಕ್, ರೈಲ್ವೆ, ಆಸ್ಪತ್ರೆಗಳ ದಾಖಲೆಗಳೆಲ್ಲ ನಿಂತಿರುವುದು ಇಂಥ ಶಿಸ್ತಿನ ಮೇಲೆ. ಲ್ಯಾಬಿನಲ್ಲಿ ಇದನ್ನು ಸ್ವತಃ ಮಾಡಿ ನೋಡದೆ ವೈವಾಕ್ಕಾಗಿ ಬಾಯಿಪಾಠ ಮಾಡಿದವರಿಗೆ ಮುಂದಿನ ವರ್ಷಗಳು ಕಷ್ಟವಾಗುತ್ತವೆ.

ಮೂರನೆಯ ವರ್ಷದಲ್ಲಿ ಕಂಪ್ಯೂಟರ್ ನೆಟ್‌ವರ್ಕ್ಸ್, ಸಾಫ್ಟ್‌ವೇರ್ ಇಂಜಿನಿಯರಿಂಗ್, ಥಿಯರಿ ಆಫ್ ಕಂಪ್ಯುಟೇಷನ್, ಮಷೀನ್ ಲರ್ನಿಂಗ್ ಬರುತ್ತವೆ. ಪ್ರೊಫೆಷನಲ್ ಎಲೆಕ್ಟಿವ್‌ಗಳು ಬ್ರಾಂಚಿಗೆ ಸೇರಿದ ಆಯ್ಕೆಗಳು. ಓಪನ್ ಎಲೆಕ್ಟಿವ್ ಎಂದರೆ ಬೇರೆ ಬ್ರಾಂಚಿನ ವಿಷಯ. ಕೊನೆಯ ವರ್ಷದ ಹೆಚ್ಚಿನ ಭಾರ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ ಮೇಲಿದೆ. ಇಂಟರ್ನ್‌ಶಿಪ್ ಒಂದಕ್ಕೇ 10 ಕ್ರೆಡಿಟ್.

ಇದೆಲ್ಲ ನೋಡಿದರೆ ಕಂಪ್ಯೂಟರ್ ಸೈನ್ಸ್‌ಗೂ ಇದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಸಹಜ. ಸಿಇಟಿ ಕೌನ್ಸೆಲಿಂಗ್ ಹೊತ್ತಿನಲ್ಲಿ ಪೋಷಕರು ಹೆಚ್ಚಾಗಿ ಕೇಳುವುದೂ ಇದನ್ನೇ. ಮೊದಲ ಎರಡು ವರ್ಷ ಎರಡೂ ಬ್ರಾಂಚುಗಳ ಪಠ್ಯ ಬಹುತೇಕ ಒಂದೇ. ಆಮೇಲೆ ಕೆಲವು ವಿಷಯಗಳಲ್ಲಿ ಮತ್ತು ಎಲೆಕ್ಟಿವ್‌ಗಳಲ್ಲಿ ಮಾತ್ರ ಬೇರೆಯಾಗುತ್ತದೆ. ಬ್ರಾಂಚಿನ ಹೆಸರಿನ ಆಸೆಗೆ ಒಳ್ಳೆಯ ಅಧ್ಯಾಪಕರು, ಒಳ್ಳೆಯ ಲ್ಯಾಬ್ ಇರುವ ಕಾಲೇಜನ್ನು ಬಿಟ್ಟುಕೊಡುವುದು ಜಾಣತನವಲ್ಲ.

ಪಾಸಾಗಲು ಪ್ರತಿ ಥಿಯರಿ ವಿಷಯದಲ್ಲಿ ಎರಡು ಹಂತ ದಾಟಬೇಕು. ಕಾಲೇಜೇ ನಡೆಸುವ ‘ಇಂಟರ್ನಲ್ಸ್’ಗೆ 50 ಅಂಕ, ಅದರಲ್ಲಿ ಕನಿಷ್ಠ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ಸೆಮಿಸ್ಟರ್ ಪರೀಕ್ಷೆ 100 ಅಂಕದ್ದು, ಮೂರು ಗಂಟೆಯದು. ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿನಿಂದ 20 ಅಂಕದ ಎರಡು ಪ್ರಶ್ನೆ, ಅವುಗಳಲ್ಲಿ ಒಂದಕ್ಕೆ ಉತ್ತರ. ಇದರಲ್ಲಿ ಕನಿಷ್ಠ 35 ಗಳಿಸಬೇಕು. ಬಂದ ಅಂಕವನ್ನು 50ಕ್ಕೆ ಇಳಿಸಿ ಇಂಟರ್ನಲ್ಸ್‌ಗೆ ಕೂಡಿಸಿದಾಗ ಒಟ್ಟು 40 ಇರಬೇಕು. ಹಾಜರಾತಿ ಶೇ. 85 ಇರಬೇಕು. ತಕ್ಕ ಕಾರಣವಿದ್ದರೆ ಶೇ. 10ರವರೆಗೆ ವಿನಾಯಿತಿ ಸಿಗಬಹುದು.

ಕ್ರೆಡಿಟ್ ಇಲ್ಲದಿದ್ದರೂ ಪದವಿಯನ್ನು ತಡೆಯಬಲ್ಲ ಬಾಬ್ತುಗಳೂ ಇವೆ. ಹಲವರು ಇವನ್ನು ಹಗುರವಾಗಿ ಕಂಡು ಕೊನೆಗೆ ಪರದಾಡುತ್ತಾರೆ. ಮೂರರಿಂದ ಆರನೆಯ ಸೆಮಿಸ್ಟರಿನವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನು ಮಾಡಲೇಬೇಕು. ಜೊತೆಗೆ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್‌ಗಳು: ನಾಲ್ಕು ವರ್ಷದವರಿಗೆ 100, ಲ್ಯಾಟರಲ್ ಎಂಟ್ರಿಯವರಿಗೆ 75. ನೀರಿನ ಸಂರಕ್ಷಣೆ, ಹಳ್ಳಿಗಳ ಅಭಿವೃದ್ಧಿಯಂಥ ಸಮಾಜಮುಖಿ ಕೆಲಸಗಳಿಂದ ಇವನ್ನು ಗಳಿಸಬೇಕು. ಸಿಜಿಪಿಎ ಲೆಕ್ಕಕ್ಕೆ ಇವು ಸೇರುವುದಿಲ್ಲ. ಆದರೆ ಇವು ಪೂರ್ತಿಯಾಗುವವರೆಗೆ ಎಂಟನೆಯ ಸೆಮಿಸ್ಟರಿನ ಗ್ರೇಡ್ ಕಾರ್ಡ್ ಕೈಗೆ ಬರುವುದಿಲ್ಲ.

ಸೇರಿದ ವರ್ಷ ಯಾವ ಸ್ಕೀಮ್ ಜಾರಿಯಲ್ಲಿದೆ ಎಂಬುದು ವಿಟಿಯು ಜಾಲತಾಣದಲ್ಲಿ ಸಿಗುತ್ತದೆ. ಕಾಲೇಜಿಗೆ ಶುಲ್ಕ ಕಟ್ಟುವ ಮೊದಲೇ ವಿದ್ಯಾರ್ಥಿ ಮತ್ತು ಪೋಷಕರು ಒಟ್ಟಿಗೆ ಕುಳಿತು ಅದನ್ನೊಮ್ಮೆ ಪೂರ್ತಿಯಾಗಿ ಓದಬೇಕು.