ಕತ್ತರಿಸಿ ಎಸೆದ ಕಾರ್ಡಿನ ಉಳಿದ ಲೆಕ್ಕ

ಉದ್ಯೋಗಾರ್ಥವಾಗಿ ರಾಜಧಾನಿಗೆ ಬಂದ ಕನ್ನಡಿಗನ ಮೊದಲ ಹತ್ತು ವರ್ಷಗಳು ಬಹುಮಟ್ಟಿಗೆ ಮನೆ ಬದಲಿಸುವುದರಲ್ಲಿಯೇ ಕಳೆಯುತ್ತವೆ. ಮುನೀರ್ಕಾದ ಕೊಠಡಿಯಿಂದ ಮಯೂರ ವಿಹಾರಕ್ಕೆ, ಅಲ್ಲಿಂದ ನೋಯಿಡಾಕ್ಕೆ, ಕಂಪೆನಿ ಬದಲಾದರೆ ಗುರುಗ್ರಾಮಕ್ಕೆ. ಪ್ರತಿ ಸಲವೂ ಒಂದು ಹೊಸ ಸಂಬಳದ ಖಾತೆ, ಅದರ ಬೆನ್ನಿಗೇ ಒಂದು ಕ್ರೆಡಿಟ್ ಕಾರ್ಡು. ಹಳೆಯ ಕಾರ್ಡನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದೊಡನೆ ಅದರ ಋಣ ಹರಿಯಿತೆಂದು ಭಾವಿಸುವವರು ಸುಶಿಕ್ಷಿತರಲ್ಲಿಯೂ ಕಡಿಮೆಯಿಲ್ಲ. ಖಾತೆಯಾದರೋ ಬ್ಯಾಂಕಿನ ಲೆಕ್ಕದಲ್ಲಿ ಜೀವಂತವಾಗಿಯೇ ಉಳಿದಿರುತ್ತದೆ.

ಬಳಸದ ಕಾರ್ಡಿಗೂ ವಾರ್ಷಿಕ ಶುಲ್ಕ ಬೀಳಬಹುದು. 500 ರೂಪಾಯಿಯ ಶುಲ್ಕಕ್ಕೆ ಶೇಕಡಾ 18ರ ತೆರಿಗೆ ಸೇರಿ 590 ಆಗುತ್ತದೆ. ಬಿಲ್ಲು ಹೋಗುವುದು ಬಿಟ್ಟುಬಂದ ಮನೆಗೆ, ಇಲ್ಲವೇ ಬಿಟ್ಟ ಕಚೇರಿಯ ಇ-ಮೇಲಿಗೆ. ಹಣ ಬಾರದಿದ್ದರೆ ತಡವಾದುದಕ್ಕೆ ದಂಡ, ಬಾಕಿಗೆ ಬಡ್ಡಿ, ಅವುಗಳ ಮೇಲೆ ಮತ್ತೆ ತೆರಿಗೆ. ತಿಂಗಳಿಗೆ ಶೇಕಡಾ ಮೂರೂವರೆ ಎಂದರೆ ಅಲ್ಪವೆನಿಸುತ್ತದೆ; ವರ್ಷಕ್ಕೆ ಅದು 42. ಕಾರ್ಡಿನ ಬಡ್ಡಿ ಶೇಕಡಾ 30ನ್ನು ಮೀರಕೂಡದೆಂದು ದೆಹಲಿಯ ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಅದನ್ನು ರದ್ದುಪಡಿಸಿದುದರಿಂದ ಆ ಆಸರೆಯೂ ಈಗ ಇಲ್ಲ.

ಕನಿಷ್ಠ ಮೊತ್ತವನ್ನು ಗಡುವಿನ ದಿನದಿಂದ 90 ದಿನಗಳೊಳಗೆ ಕಟ್ಟದಿದ್ದರೆ ಖಾತೆಯು ವಸೂಲಾಗದ ಸಾಲಗಳ ಸಾಲಿಗೆ ಸೇರುತ್ತದೆ. ಮುಂದೆ ಬ್ಯಾಂಕು ಅದನ್ನು 'ರೈಟ್ ಆಫ್' ಮಾಡಬಹುದು. ಈ ಶಬ್ದವನ್ನು ಕೇಳಿ ಸಾಲವು ಮನ್ನಾ ಆಯಿತೆಂದು ನಿಟ್ಟುಸಿರು ಬಿಡುವವರುಂಟು. ಇದು ದೊಡ್ಡ ತಪ್ಪುಗ್ರಹಿಕೆ. ಬ್ಯಾಂಕು ತನ್ನ ಆಸ್ತಿಯ ಪಟ್ಟಿಯಿಂದ ಆ ಮೊತ್ತವನ್ನು ಕಳೆದು ನಷ್ಟವೆಂದು ಬರೆದುಕೊಳ್ಳುತ್ತದೆ, ಅಷ್ಟೇ. ವಸೂಲು ಮಾಡುವ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ಅರ್ಧಕ್ಕೋ ಮುಕ್ಕಾಲಿಗೋ ರಾಜಿಯಾಗಿ ತೀರಿಸಿದರೆ 'ಸೆಟಲ್ಡ್' ಎಂಬ ಮುದ್ರೆ ಬೀಳುತ್ತದೆ. ಹೊಸ ಸಾಲ ಕೊಡುವವನ ಕಣ್ಣಿಗೆ ಅದೂ ಕಲೆಯೇ. ಪೂರ್ತಿ ಕಟ್ಟಿ ಮುಚ್ಚಿದ ಖಾತೆಯು ಮಾತ್ರ 'ಕ್ಲೋಸ್ಡ್' ಎಂದು ಗೌರವದಿಂದ ನಿಲ್ಲುತ್ತದೆ.

ಈ ಮುದ್ರೆಗಳೆಲ್ಲ ಬೀಳುವುದು ಸಾಲಚರಿತ್ರೆಯ ದಾಖಲೆಯಲ್ಲಿ. ಭಾರತದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪೆನಿಗಳು 2005ರ ಕಾಯಿದೆಯ ಅನ್ವಯ ಇವನ್ನು ಇಟ್ಟುಕೊಂಡು, 300ರಿಂದ 900ರವರೆಗೆ ಅಂಕ ನೀಡುತ್ತವೆ. ಮಾಹಿತಿಯನ್ನು ಕನಿಷ್ಠ 7 ವರ್ಷ ಕಾಪಾಡಬೇಕೆಂಬುದು ಕಟ್ಟುಪಾಡು. ದ್ವಾರಕೆಯಲ್ಲೊಂದು ಫ್ಲ್ಯಾಟಿಗೆ ಮುಂಗಡ ಕೊಟ್ಟು ಗೃಹಸಾಲಕ್ಕೆ ಅರ್ಜಿ ಹಾಕಿದವನಿಗೆ ಎಂದೋ ಮರೆತ 590 ರೂಪಾಯಿ ಅಡ್ಡ ನಿಂತರೆ, ಮುಂಗಡವೂ ಮನೆಯೂ ಒಟ್ಟಿಗೇ ಕೈತಪ್ಪುವ ಸಂಭವವಿದೆ. ಪ್ರತಿ ಕಂಪೆನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ತರಿಸಿ ನೋಡುವವರು ಬ್ಯಾಂಕುಗಳ ವಿಲೀನವನ್ನೂ ನೆನಪಿನಲ್ಲಿಡಬೇಕು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸೇರಿದವು. ಊರಿನ ಶಾಖೆಯಲ್ಲಿ ಮಾಡಿದ ವ್ಯವಹಾರವು ಅಪರಿಚಿತ ಹೆಸರಿನಲ್ಲಿ ಕಂಡೊಡನೆ ಮೋಸವೆಂದು ಬಗೆಯಬೇಕಾಗಿಲ್ಲ. ವರದಿಯಲ್ಲಿ ನಿಜವಾದ ತಪ್ಪಿದ್ದರೆ 30 ದಿನಗಳಲ್ಲಿ ತಿದ್ದಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವುಂಟು.

ಕಾರ್ಡು ಮುಚ್ಚುವ ಕ್ರಮವನ್ನು ರಿಸರ್ವ್ ಬ್ಯಾಂಕು 2022ರಲ್ಲಿ ಬಿಗಿಗೊಳಿಸಿತು. ಬಾಕಿಯಿಲ್ಲದ ಗ್ರಾಹಕನು ಕೇಳಿದ ಮೇಲೆ 7 ಕೆಲಸದ ದಿನಗಳೊಳಗೆ ಖಾತೆ ಮುಚ್ಚಬೇಕು. ತಪ್ಪಿದರೆ ದಿನವೊಂದಕ್ಕೆ 500 ರೂಪಾಯಿಯನ್ನು ಬ್ಯಾಂಕೇ ತೆರಬೇಕು. ಅರ್ಜಿಯನ್ನು ಅಂಚೆಯಲ್ಲಿಯೇ ಕಳುಹಿಸೆಂದು ಹಟ ಹಿಡಿಯುವಂತಿಲ್ಲ. ಒಂದು ವರ್ಷಕ್ಕೂ ಮೀರಿ ಬಳಸದ ಕಾರ್ಡನ್ನು ಬ್ಯಾಂಕು ತಾನಾಗಿ ಮುಚ್ಚಬಹುದು. ಆದರೆ ಮುನ್ಸೂಚನೆ ಕೊಟ್ಟು 30 ದಿನ ಕಾಯಬೇಕು, ಹೆಚ್ಚಾಗಿ ಕಟ್ಟಿದ ಹಣವಿದ್ದರೆ ಗ್ರಾಹಕನ ಬ್ಯಾಂಕ್ ಖಾತೆಗೆ ಹಿಂದಿರುಗಿಸಬೇಕು. ವಿಳಾಸ ಮತ್ತು ಮೊಬೈಲ್ ಸಂಖ್ಯೆ ಹಳೆಯದಾದರೆ ಆ ಸೂಚನೆಯೂ ತಲಪದು.

ಹಾಗೆಂದು ಹಳೆಯ ಕಾರ್ಡುಗಳನ್ನೆಲ್ಲ ಮುಚ್ಚಿಬಿಡುವುದು ಜಾಣತನವಲ್ಲ. ತಲಾ ಒಂದು ಲಕ್ಷ ಮಿತಿಯ ಎರಡು ಕಾರ್ಡುಗಳಿದ್ದು 40,000 ಖರ್ಚು ಮಾಡುವವನು ಮಿತಿಯ ಶೇಕಡಾ 20ನ್ನು ಬಳಸಿದಂತೆ. ಒಂದನ್ನು ಮುಚ್ಚಿದರೆ ಅದೇ ಖರ್ಚು 40 ಆಗಿ ಅಂಕವು ಕುಗ್ಗಬಹುದು. ಶುಲ್ಕವಿಲ್ಲದ ಹಳೆಯ ಕಾರ್ಡಿನಲ್ಲಿ ಆಗಾಗ ದೂರವಾಣಿಯ ಬಿಲ್ಲನ್ನಾದರೂ ಕಟ್ಟುತ್ತಿರುವುದು ಲೇಸು.

ಬಾಕಿದಾರನಿಗೂ ಮಾನವಿದೆ. ಬೆಳಗಿನ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಯವರು ಕರೆ ಮಾಡುವಂತಿಲ್ಲ. 1963ರ ಕಾಲಮಿತಿ ಕಾಯಿದೆಯಂತೆ ಸಾಮಾನ್ಯವಾಗಿ 3 ವರ್ಷಗಳ ಬಳಿಕ ದಾವೆ ನಿಲ್ಲದು. ಆದರೆ ಆ ಅವಧಿಯೊಳಗೆ ಸಾಲವನ್ನು ಬರೆಹದಲ್ಲಿ ಒಪ್ಪಿಕೊಂಡರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ದೂರಿಗೆ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಖರ್ಚಿಲ್ಲದೆ ಬರೆಯಬಹುದು. ಕಾರ್ಡುದಾರನು ತೀರಿಕೊಂಡಾಗ ಹೆಂಡತಿ ಮಕ್ಕಳು ಹೆದರಿ ತಮ್ಮ ಸಂಪಾದನೆಯಿಂದ ಕಟ್ಟುವುದುಂಟು. ಕಾನೂನಿನಂತೆ ಅವರ ಹೊಣೆ, ಅವನು ಬಿಟ್ಟುಹೋದ ಆಸ್ತಿಯಲ್ಲಿ ಅವರಿಗೆ ಬಂದಷ್ಟಕ್ಕೆ ಸೀಮಿತವಾದುದು. ಮರಣ ಪ್ರಮಾಣಪತ್ರದ ನಕಲನ್ನು ಕೊಟ್ಟು ಖಾತೆಯನ್ನು ನಿಲ್ಲಿಸಿ, ಅದಕ್ಕೆ ಲಿಖಿತ ಸ್ವೀಕೃತಿಯನ್ನು ಪಡೆದುಕೊಳ್ಳಬೇಕು.